ಮಗಳಿಗೊಂದು ಪತ್ರ: ನಾನು ಹೋಗದ ಆರಾಧನೆ

ಬೆಟಗೇರಿ,
ರವಿವಾರ ರಾತ್ರಿ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನಾವಿಬ್ಬರೂ ಆಡಿದ ಮಾತುಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಆರು ತಿಂಗಳಿಂದ ಚರ್ಚಿನ ರವಿವಾರದ ಆರಾಧನೆಗೆ ಹೋಗಿಲ್ಲವೆಂದು ನೀನು ಹೇಳಿದಾಗ ನಾನು ಮಾತು ಮುಗಿಯುವ ಮೊದಲೇ ಫೋನ್ ಇಟ್ಟದ್ದು ತಪ್ಪು. ನಿನ್ನ ವಯಸ್ಸಿನಲ್ಲಿ ಒಂದು ರವಿವಾರವನ್ನೂ ತಪ್ಪಿಸಿದವನಲ್ಲ ಎಂದು ಗದರಿಸಿದ್ದು ಇನ್ನೂ ದೊಡ್ಡ ತಪ್ಪು, ಏಕೆಂದರೆ ಅದು ಸುಳ್ಳು.

ನಾನು ಬೆಂಗಳೂರಿನಲ್ಲಿ ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಾಗ ಒಂದು ಶನಿವಾರ ನಿನ್ನ ಅಜ್ಜ ಯಾವ ಸುದ್ದಿಯನ್ನೂ ಕೊಡದೆ ಹುಬ್ಬಳ್ಳಿಯಲ್ಲಿ ರಾತ್ರಿ ರೈಲು ಹತ್ತಿದರು. ಬೆಳಿಗ್ಗೆ ಇಳಿದವರು ಹಾಸ್ಟೆಲಿಗೆ ಬರಲಿಲ್ಲ. ಮಗ ಅಲ್ಲಿಯೇ ಇರುತ್ತಾನೆಂಬ ಭರವಸೆಯಿಂದ ನೇರವಾಗಿ ಹಡ್ಸನ್ ಸ್ಮಾರಕ ದೇವಾಲಯಕ್ಕೆ ಹೋಗಿ, ಬಾಗಿಲು ಕಾಣುವ ಹಾಗೆ ಹಿಂದಿನ ಬೆಂಚಿನಲ್ಲಿ ಕುಳಿತರು. 1904ರಿಂದ ಅಲ್ಲಿ ಕನ್ನಡದ ಸಭೆ ಕೂಡುತ್ತಿದೆ ಎಂಬ ಧೈರ್ಯದಿಂದಲೇ ಅವರು ನನ್ನನ್ನು ಆ ಊರಿಗೆ ಕಳುಹಿಸಿದ್ದರು. ಆ ಹೊತ್ತಿನಲ್ಲಿ ನಾನು ಹಾಸ್ಟೆಲಿನಲ್ಲಿ ಮುಸುಕೆಳೆದು ಮಲಗಿದ್ದೆ.

ಮಧ್ಯಾಹ್ನ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಬಂದರು. ರೈಲು ತಡವಾಗಿರಬೇಕೆಂದುಕೊಂಡ ನಾನು, ಅವರು ಕೇಳುವ ಮೊದಲೇ, ಈಗಷ್ಟೇ ಆರಾಧನೆ ಮುಗಿಸಿ ಬಂದೆನೆಂದೆ. "ಇವತ್ತು ಯಾವ ಕೀರ್ತನೆ ಓದಿದರು?" ಎಂದು ಕೇಳಿದರು. ಬೈಬಲಿನ ಕೀರ್ತನೆಗಳಲ್ಲಿ, ರವಿವಾರ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ 121ನೆಯದನ್ನು ಹೇಳಿದೆ. "ಒಳ್ಳೆಯ ಕೀರ್ತನೆ" ಎಂದು ಡಬ್ಬಿಯ ಮುಚ್ಚಳ ತೆಗೆದರು. ಹೋಳಿಗೆ ಕೊಡಲು ಬಾಗಿದಾಗ ಅವರ ಅಂಗಿಯ ಕಿಸೆಯಲ್ಲಿ ಆ ದಿನದ ಆರಾಧನಾ ಕ್ರಮದ ಮಡಿಸಿದ ಹಾಳೆ ಕಂಡಿತು. ಅವರು ಅದರ ಮಾತನ್ನು ಸಾಯುವವರೆಗೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವರು ತೀರಿಕೊಂಡ ಮೇಲೆ, ಆ ಹಾಳೆ ಸಿಕ್ಕೀತೆಂದು ಅವರ ಬೈಬಲಿನ ಪುಟಗಳನ್ನೆಲ್ಲ ಒಂದೊಂದಾಗಿ ತಿರುವಿದೆ, ಸಿಗಲಿಲ್ಲ. ಅಂದು ಅಲ್ಲಿ ಯಾವ ಕೀರ್ತನೆ ಓದಿದರೆಂಬುದು ನನಗೆ ಇಂದಿಗೂ ಗೊತ್ತಿಲ್ಲ.

ನೀನು ನಿನ್ನ ಅಪ್ಪನಿಗೆ ನಿಜ ಹೇಳಿದೆ. ನನ್ನ ಕೈಲಾಗದ್ದು ನಿನ್ನಿಂದ ಆಯಿತೆಂಬ ಹೆಮ್ಮೆ ನನಗೆ ಹುಟ್ಟಿತು, ಆದರೆ ಫೋನ್ ಇಟ್ಟು ಬಹಳ ಹೊತ್ತಾದ ಮೇಲೆ.

ಆದರೂ ಒಂದೆರಡು ಮಾತು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ನಮ್ಮ ಹಾಡುಗಳ ಕನ್ನಡ ಹಳೆಯದು, ಅರ್ಥವಾಗದ್ದನ್ನು ಹಾಡುವುದು ಕಪಟ ಎಂದು ನೀನು ಹೇಳಿದೆ. 1853ರಲ್ಲಿ ಬಾಸೆಲ್ ಮಿಷನ್ನಿನವರು ಕಳುಹಿಸಿದ ಕಿಟ್ಟೆಲ್ ಧಾರವಾಡದ ಸೀಮೆಗೆ ಬಂದಾಗ ಅವರಿಗೆ 21 ವರ್ಷ, ಕನ್ನಡದ ಒಂದಕ್ಷರವೂ ಅವರ ಹುಟ್ಟುಭಾಷೆಯದಲ್ಲ. ಅಂಥವರು ಈ ಜನರ ಬಾಯಲ್ಲಿ ಕ್ರಿಸ್ತನ ಸ್ತುತಿ ಕೂರಲೆಂದು ಕನ್ನಡದ ಛಂದಸ್ಸನ್ನು ಕಲಿತು ಹಾಡು ಕಟ್ಟಿದರು, 1894ರಲ್ಲಿ ನಿಘಂಟನ್ನೂ ಕೊಟ್ಟರು, ನೀನಾದರೋ ಆ ಭಾಷೆಯಲ್ಲಿಯೇ ಹುಟ್ಟಿ, ನಾಲ್ಕು ಹಳೆಯ ಪದಗಳಿಗೆ ಅಂಜಿ ಬಿಟ್ಟುಬಿಡುತ್ತೀಯಾ? ನೋಡು, ಮತ್ತೆ ಗದರಿಸುತ್ತಿದ್ದೇನೆ. ನಿನ್ನ ಗೆಳತಿಯರ ಕೂಟದಲ್ಲಿ ಗಿಟಾರ್ ಹಿಡಿದು ಇಂಗ್ಲಿಷಿನಲ್ಲಿ ಹಾಡುತ್ತಾರೆಂದು ಹೇಳಿದ್ದೆಯಲ್ಲ, ಅಲ್ಲಿಗಾದರೂ ಹೋಗು. ನನಗೆ ಅದು ಅಷ್ಟಾಗಿ ಸೇರುವುದಿಲ್ಲ, ಆದರೆ ನಾನಲ್ಲ ಅಲ್ಲಿ ಕೂರುವವನು.

"ಅದು ನಿಮ್ಮ ನಂಬಿಕೆ, ನನ್ನದಲ್ಲ" ಎಂಬ ನಿನ್ನ ಮಾತೇ ನನ್ನನ್ನು ಹೆಚ್ಚು ಕಾಡುತ್ತಿದೆ. ಕರ್ತನಾದ ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಆರಂಭದಿಂದ ಕೊನೆಯವರೆಗೆ "ನಮ್ಮ" ಎಂದಿದೆಯೇ ಹೊರತು ಒಂದು ಕಡೆಯೂ "ನನ್ನ" ಎಂದಿಲ್ಲ. ನಿನ್ನ ಅಜ್ಜ ತೀರಿಕೊಂಡ ವರ್ಷ ನನಗೆ ಆ ಪ್ರಾರ್ಥನೆಯನ್ನು ಬಾಯಿಬಿಟ್ಟು ಹೇಳಲು ಆಗುತ್ತಿರಲಿಲ್ಲ. ಸುಮ್ಮನೆ ನಿಂತಿರುತ್ತಿದ್ದೆ, ಅಕ್ಕಪಕ್ಕದವರು ಹೇಳುತ್ತಿದ್ದರು. ಹಾಸ್ಟೆಲಿನ ಕೋಣೆಯಲ್ಲಿ ಒಬ್ಬಳೇ ಇರುವ ನಿನಗೆ ಅಂಥ ದಿನ ಬಂದರೆ ಪಕ್ಕದಲ್ಲಿ ಯಾರಿರುತ್ತಾರೆ? ನನ್ನ ಭಯ ಇಷ್ಟೇ.

ಬರುವ ತಿಂಗಳ ಮೊದಲ ರವಿವಾರ ನಾನು ಬೆಂಗಳೂರಿಗೆ ಬರುತ್ತಿದ್ದೇನೆ. ಹಡ್ಸನ್ ದೇವಾಲಯದಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ, ಬಾಗಿಲ ಕಡೆ ನೋಡುವುದಿಲ್ಲ. ಆರಾಧನೆ ಮುಗಿದ ಮೇಲೆ ಹಾಸ್ಟೆಲಿಗೆ ಬರುತ್ತೇನೆ. ಯಾವ ಕೀರ್ತನೆ ಓದಿದರೆಂದು ನೀನು ನನ್ನನ್ನೇ ಕೇಳು. ನಿನ್ನ ಅವ್ವ ಶೇಂಗಾ ಹೋಳಿಗೆ ಮಾಡಿ ಕೊಡುತ್ತಾಳಂತೆ.

ನಿನ್ನ ಅಪ್ಪ