ಅರ್ಧ ತೆರೆದ ದೇವಾಲಯದ ಬಾಗಿಲು

ಜುಲೈ 24 ಅಮೆರಿಕದ ಯೂಟಾ ರಾಜ್ಯದಲ್ಲಿ ಸರ್ಕಾರಿ ರಜೆ. 1847ರ ಆ ದಿನ ಬ್ರಿಗಮ್ ಯಂಗ್ ಅವರ ಮುಂದಾಳತ್ವದಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಥದ ವಲಸಿಗರು ಎತ್ತಿನ ಗಾಡಿಗಳಲ್ಲಿ ಸಾಲ್ಟ್ ಲೇಕ್ ಕಣಿವೆಯನ್ನು ತಲುಪಿದ್ದರ ನೆನಪಿಗೆ ಅಲ್ಲಿ ಮೆರವಣಿಗೆ ಹೊರಡುತ್ತದೆ, ರಾತ್ರಿ ಬಾಣಬಿರುಸು ಹಾರುತ್ತವೆ. ಯೂಟಾದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳಿಗೂ ಈ ಎತ್ತಿನ ಗಾಡಿಗಳ ಕಥೆ ಶಾಲೆಯಿಂದಲೇ ಪರಿಚಿತವಾಗಿರುವುದರಿಂದ, ಅದೇ ವರ್ಷ ಸೆಪ್ಟೆಂಬರಿನಲ್ಲಿ ಗಂಡ ಮತ್ತು ಇಬ್ಬರು ಎಳೆಯ ಮಕ್ಕಳೊಡನೆ ಅಲ್ಲಿಗೆ ಬಂದಿಳಿದ ಜೇನ್ ಮ್ಯಾನಿಂಗ್ ಜೇಮ್ಸ್ ಎಂಬ ಕಪ್ಪು ಮಹಿಳೆಯ ಬಗ್ಗೆ ಈ ಸಂಚಿಕೆಯಲ್ಲಿ ಬರೆಯುವುದು ಉಚಿತವೆನಿಸಿತು.

ಜೇನ್ ಹುಟ್ಟಿದ್ದು ಕನೆಕ್ಟಿಕಟ್ ರಾಜ್ಯದ ವಿಲ್ಟನ್ ಊರಿನಲ್ಲಿ. ಆಕೆ ಗುಲಾಮಳಾಗಿರಲಿಲ್ಲ, ಆದರೆ ಬಡತನದಿಂದಾಗಿ ಚಿಕ್ಕಂದಿನಲ್ಲೇ ಬಿಳಿಯರ ಮನೆಯೊಂದರಲ್ಲಿ ಕೆಲಸಕ್ಕೆ ನಿಂತರು. ಮಾರ್ಮನ್ ಧರ್ಮಪ್ರಚಾರಕರ ಮಾತು ಕೇಳಿ ದೀಕ್ಷಾಸ್ನಾನ ಪಡೆದು ಪಂಥಕ್ಕೆ ಸೇರಿದ ಮೇಲೆ, 1843ರಲ್ಲಿ ತಾಯಿ, ಒಡಹುಟ್ಟಿದವರು ಮತ್ತು ಇತರ ಬಂಧುಗಳೊಂದಿಗೆ ಇಲಿನಾಯ್ ರಾಜ್ಯದ ನಾವೂ (Nauvoo) ಎಂಬ ಪಟ್ಟಣಕ್ಕೆ ಹೊರಟರು. ನಡುದಾರಿಯಲ್ಲಿ ಈ ಗುಂಪನ್ನು ಮುಂದಕ್ಕೆ ಕರೆದೊಯ್ಯಲು ಹಡಗಿನವರು ಒಪ್ಪದಿದ್ದಾಗ, ಉಳಿದ ಸುಮಾರು 1,300 ಕಿಲೋಮೀಟರ್ ದಾರಿಯನ್ನು ಅವರೆಲ್ಲ ಕಾಲ್ನಡಿಗೆಯಲ್ಲೇ ಕ್ರಮಿಸಬೇಕಾಯಿತು. ಚಪ್ಪಲಿಗಳು ಸವೆದು, ಪಾದಗಳು ಬಿರಿದು, ನೆಲದ ಮೇಲೆ ಇಡೀ ಹೆಜ್ಜೆಯ ಗುರುತು ರಕ್ತದಲ್ಲಿ ಮೂಡುತ್ತಿತ್ತೆಂದೂ, ತಾವು ಗುಲಾಮರಲ್ಲವೆಂಬುದಕ್ಕೆ ಕಾಗದಪತ್ರ ತೋರಿಸದಿದ್ದರೆ ಜೈಲಿಗೆ ಹಾಕುವುದಾಗಿ ಅಧಿಕಾರಿಗಳು ಹೆದರಿಸಿದರೆಂದೂ ಆಕೆ ಮುಪ್ಪಿನಲ್ಲಿ ಹೇಳಿ ಬರೆಸಿದ ಆತ್ಮಕಥನದಲ್ಲಿದೆ. ಎಂದೂ ಗುಲಾಮರಾಗಿರದವರ ಬಳಿ ಬಿಡುಗಡೆಯ ಕಾಗದ ಎಲ್ಲಿಂದ ಬರಬೇಕು?

ನಾವೂ ಪಟ್ಟಣದಲ್ಲಿ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ ಅವರ ಮನೆಯಲ್ಲೇ ಜೇನ್‌ಗೆ ಆಶ್ರಯ ದೊರೆಯಿತು. ಬಟ್ಟೆ ಒಗೆಯುವ ಕೆಲಸವೂ ಸಿಕ್ಕಿತು. ಆ ದಿನಗಳಲ್ಲಿ ಸ್ಮಿತ್ ಅವರ ಪತ್ನಿ ಎಮ್ಮಾ, ತಮ್ಮ ಕುಟುಂಬಕ್ಕೆ ಮಗಳಾಗಿ ಸೇರಲು ಇಷ್ಟವಿದೆಯೇ ಎಂದು ಜೇನ್ ಅವರನ್ನು ಕೇಳಿದ್ದರು. ಅದರ ಧಾರ್ಮಿಕ ಅರ್ಥ ತಿಳಿಯದೆ ಜೇನ್ ಬೇಡವೆಂದುಬಿಟ್ಟರು. 1844ರ ಜೂನ್‌ನಲ್ಲಿ ಸ್ಮಿತ್ ಕೊಲೆಯಾದ ಮೇಲೆ ಆ ಮಾತು ಅಲ್ಲಿಗೇ ನಿಂತಿತು.

ಸಾಲ್ಟ್ ಲೇಕ್ ಕಣಿವೆಯ ಮೊದಲ ವರ್ಷಗಳು ಹಸಿವಿನವು. 1849ರ ವಸಂತದಲ್ಲಿ, ತನ್ನ ಬಳಿ ಇದ್ದ ಹಿಟ್ಟಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು, ಅಂದರೆ ಎರಡು ಪೌಂಡ್ ಹಿಟ್ಟನ್ನು, ಜೇನ್ ನೆರೆಯ ಎಲೈಜಾ ಲೈಮನ್ ಅವರಿಗೆ ಕೊಟ್ಟರು. ಎಲೈಜಾ ಅದನ್ನು ತಮ್ಮ ದಿನಚರಿಯಲ್ಲಿ ದಾಖಲಿಸಿದ್ದಾರೆ. ಇಂದು ಜೇನ್ ಅವರ ಪ್ರಸ್ತಾಪ ಬಂದಾಗಲೆಲ್ಲ ಮೊದಲು ಕೇಳಿಬರುವುದು ಈ ಪ್ರಸಂಗವೇ. ಅದು ಹೇಳಲು ತಕ್ಕದ್ದೇ ಹೌದು. ಆದರೆ ಕೊಟ್ಟ ಕೈಯನ್ನು ಹೊಗಳುವುದು ಸುಲಭ, ಅದೇ ಕೈ ಏನನ್ನೋ ಕೇಳಿದಾಗ ಕೊಡುವುದು ಅಷ್ಟು ಸುಲಭವಲ್ಲ.

ಆಕೆ ಕೇಳಿದ್ದು ದೇವಾಲಯದ ವಿಧಿಗಳನ್ನು. ಎಂಡೋಮೆಂಟ್ ಎಂಬ ವಿಧಿ ಮತ್ತು ಕುಟುಂಬವನ್ನು ಮರಣಾನಂತರವೂ ಒಂದಾಗಿಸುವ ಸೀಲಿಂಗ್ ವಿಧಿ ಇಲ್ಲದೆ ಪರಮಪದ ದೊರೆಯದೆಂಬುದು ಮಾರ್ಮನ್ನರ ನಂಬಿಕೆ. ಕಪ್ಪು ಜನರಿಗೆ ಪೌರೋಹಿತ್ಯದ ಅಧಿಕಾರವಿಲ್ಲವೆಂದು 1852ರಲ್ಲಿ ಬ್ರಿಗಮ್ ಯಂಗ್ ಬಹಿರಂಗವಾಗಿ ಸಾರಿದ್ದರು. ಆ ನಿಷೇಧ ಈ ವಿಧಿಗಳಿಗೂ ಅನ್ವಯಿಸಿತು. ಸತ್ತ ಬಂಧುಗಳ ಪರವಾಗಿ ದೀಕ್ಷಾಸ್ನಾನ ಮಾಡಲು ಜೇನ್‌ಗೆ ಅನುಮತಿ ಸಿಕ್ಕಿತು, ಅದರಾಚೆಗೆ ಇಲ್ಲ. 1884ರಲ್ಲಿ ಆಕೆ ಚರ್ಚಿನ ಅಧ್ಯಕ್ಷ ಜಾನ್ ಟೇಲರ್ ಅವರಿಗೆ ಪತ್ರ ಕಳುಹಿಸಿ, ಅಬ್ರಹಾಮನ ಸಂತತಿಯಿಂದ ಭೂಮಿಯ ಎಲ್ಲ ಜನಾಂಗಗಳಿಗೂ ಆಶೀರ್ವಾದವಾಗುವುದೆಂದು ದೇವರು ಮಾತು ಕೊಟ್ಟಿರುವಾಗ ನನಗೆ ಯಾವ ಆಶೀರ್ವಾದವೂ ಇಲ್ಲವೇ ಎಂದು ಪ್ರಶ್ನಿಸಿದರು. ಧರ್ಮಗ್ರಂಥವನ್ನೇ ಮುಂದಿಟ್ಟು ಕೇಳಿದ ಈ ಪ್ರಶ್ನೆಯಲ್ಲಿ ವಿನಯವಿದೆ, ಆದರೆ ದೈನ್ಯವಿಲ್ಲ. ಟೇಲರ್ ನಂತರದ ನಾಯಕರಿಗೂ ಆಕೆ ಮನವಿ ಸಲ್ಲಿಸುತ್ತಲೇ ಹೋದರು. ಹಿಂದೆ ಬೇಡವೆಂದಿದ್ದ ಎಮ್ಮಾ ಅವರ ಆಹ್ವಾನವನ್ನು ಈಗ ಒಪ್ಪಿಕೊಳ್ಳುವೆನೆಂದೂ ತಿಳಿಸಿದರು.

1894ರ ಮೇ ತಿಂಗಳಲ್ಲಿ ಚರ್ಚು ಕೊಟ್ಟ ಉತ್ತರ ವಿಚಿತ್ರವಾದದ್ದು. ಇದಕ್ಕೆಂದೇ ಹೊಸದೊಂದು ವಿಧಿಯನ್ನು ರೂಪಿಸಿ, ಜೇನ್ ಅವರನ್ನು ಜೋಸೆಫ್ ಸ್ಮಿತ್ ಅವರ ಮನೆತನಕ್ಕೆ ಮಗಳಾಗಿ ಅಲ್ಲ, ಅನಂತಕಾಲದ ಸೇವಕಿಯಾಗಿ ಸೇರಿಸಲಾಯಿತು. ವಿಧಿ ನಡೆದಾಗ ಆಕೆ ಬದುಕಿದ್ದರು, ಅದೇ ಊರಿನಲ್ಲಿದ್ದರು. ಆದರೂ ಆಕೆಯನ್ನು ಒಳಗೆ ಬಿಡದೆ, ಆಕೆಯ ಸ್ಥಾನದಲ್ಲಿ ಬಿಳಿಯ ಮಹಿಳೆಯೊಬ್ಬರನ್ನು ಪ್ರತಿನಿಧಿಯಾಗಿ ನಿಲ್ಲಿಸಲಾಯಿತು. ಅಂದಿನ ಕಾಲವೇ ಹಾಗಿತ್ತೆಂಬ ಸಮಾಧಾನ ಇಲ್ಲಿ ಸಾಲದು, ಏಕೆಂದರೆ ಅದು ಸರಿಯಲ್ಲವೆಂದು ಅಂದಿನ ಕಾಲದಲ್ಲೇ ಇದ್ದ ಜೇನ್ ಹೇಳುತ್ತಿದ್ದರು. ಆ ವಿಧಿಯಿಂದ ತೃಪ್ತರಾಗದೆ ಮತ್ತೆ ಮನವಿ ಮಾಡಿದರು. ಹಾಗೆಂದು ಪಂಥವನ್ನು ತೊರೆಯಲೂ ಇಲ್ಲ. ದೀಕ್ಷೆ ಪಡೆದ ದಿನಕ್ಕಿಂತಲೂ ತನ್ನ ನಂಬಿಕೆ ಗಟ್ಟಿಯಾಗಿದೆಯೆಂದು ಆತ್ಮಕಥನದಲ್ಲಿ ಹೇಳಿಸಿದರು. ಈ ಎರಡನ್ನೂ ಆಕೆ ಒಟ್ಟಿಗೆ ಹಿಡಿದಿದ್ದು ಹೇಗೆಂಬುದು ನನಗೆ ಇಂದಿಗೂ ಸೋಜಿಗವೇ.

1908ರ ಏಪ್ರಿಲ್ 16ರಂದು ಜೇನ್ ಸಾಲ್ಟ್ ಲೇಕ್ ಸಿಟಿಯಲ್ಲಿ ತೀರಿಕೊಂಡರು. ಆಕೆಯ ಅಂತ್ಯಕ್ರಿಯೆಯಲ್ಲಿ ಮಾತನಾಡಿದವರು ಚರ್ಚಿನ ಅಂದಿನ ಅಧ್ಯಕ್ಷ ಜೋಸೆಫ್ ಎಫ್. ಸ್ಮಿತ್, 1894ರ ಆ ವಿಧಿಯಲ್ಲಿ ದಿವಂಗತ ಜೋಸೆಫ್ ಸ್ಮಿತ್ ಅವರ ಪ್ರತಿನಿಧಿಯಾಗಿ ನಿಂತಿದ್ದವರೂ ಅವರೇ. ಚರ್ಚು ನಿಷೇಧವನ್ನು ತೆಗೆದುಹಾಕಿದ್ದು 1978ರ ಜೂನ್‌ನಲ್ಲಿ. ಜೇನ್ ಜೀವಮಾನವಿಡೀ ಕೇಳಿದ್ದ ಎಂಡೋಮೆಂಟ್ ವಿಧಿ ಮರುವರ್ಷ, ಆಕೆ ಸತ್ತು 71 ವರ್ಷಗಳಾದ ಮೇಲೆ, ಆಕೆಯ ಹೆಸರಿನಲ್ಲಿ ನೆರವೇರಿತು.