ಹುಣಸೆ ಬೀಜ ಬಿಸಾಕಬೇಡಿ: ರಜೆಗೆ ಮುಂಚೆ ಪೋಷಕರಿಗೊಂದು ಪತ್ರ

ಮಂಡ್ಯ

ಪ್ರೀತಿಯ ಪೋಷಕರೇ,

ನಮಸ್ಕಾರ. ಏಪ್ರಿಲ್ 10ರಂದು ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮಕ್ಕೆ ಎಲ್ಲರೂ ಬನ್ನಿ. ಫಲಿತಾಂಶ ಅವತ್ತೇ ಹೇಳುತ್ತೇವೆ. ಮಾರನೇ ದಿನದಿಂದ ರಜೆ. ಶಾಲೆ ಮತ್ತೆ ಶುರುವಾಗುವುದು ಮೇ 29ಕ್ಕೆ. ಈ ಪತ್ರ ಮಾತ್ರ ಅಂಕದ ವಿಷಯಕ್ಕಲ್ಲ. ರಜೆಯಲ್ಲಿ ಮಕ್ಕಳ ಕೈಲಿ ಮಾಡಿಸಬೇಕು ಅಂದುಕೊಂಡಿರುವ ಕೆಲವು ಕೆಲಸಗಳಿಗೆ ನಿಮ್ಮ ನೆರವು ಬೇಕು.

ಪ್ರತಿ ಜೂನ್ 5ರ ಪರಿಸರ ದಿನಕ್ಕೆ ಊರಿಗೆ ಊರೇ ಗಿಡ ನೆಡುತ್ತದೆ. ಒಂದು ಸಸಿಗೆ ಹತ್ತು ಕೈ, ಒಂದು ಫೋಟೋ. ಮುಂದಿನ ಬೇಸಿಗೆಗೆ ಅಲ್ಲಿ ಉಳಿದಿರುವುದು ಎಷ್ಟು ಅಂತ ನಿಮಗೂ ಗೊತ್ತು. ನರ್ಸರಿಯಿಂದ ಬಂದ ಸಸಿ, ಯಾರದ್ದೂ ಅಲ್ಲ. ನೀರು ಹಾಕುವವರೂ ಇಲ್ಲ. ಅದಕ್ಕೇ ಈ ಸಲ ಮಕ್ಕಳೇ ಬೀಜದಿಂದ ಸಸಿ ಎಬ್ಬಿಸಲಿ.

ಈಗ ಹುಣಸೆ ಕುಟ್ಟುವ ಕಾಲ. ಬೀಜ ತಿಪ್ಪೆಗೆ ಹಾಕುವ ಮುಂಚೆ ಒಂದು ಹಿಡಿ ಮಗುವಿನ ಕೈಗೆ ಕೊಡಿ. ಅದರ ಸಿಪ್ಪೆ ಗಟ್ಟಿ, ಒಂದು ರಾತ್ರಿ ನೀರಲ್ಲಿ ನೆನೆಸಿ ಹಾಕಿದರೆ ಮೊಳಕೆ ಬೇಗ ಬರುತ್ತದೆ. ರಸ್ತೆ ಬದಿ ಹೊಂಗೆ ಮರದ ಕೆಳಗೆ ಕಾಯಿ ಬಿದ್ದಿರುತ್ತವೆ. ಮಾವಿನ ಓಟೆ, ಹಲಸಿನ ಬೀಜ ಹೇಗೂ ಮನೆಯಲ್ಲೇ ಸಿಗುತ್ತದೆ. ಹಲಸಿನ ಬೀಜ ಮಾತ್ರ ಒಣಗಿಸಿ ಇಡಬಾರದು, ಹಣ್ಣು ತಿಂದ ಒಂದೆರಡು ದಿನದಲ್ಲೇ ಮಣ್ಣಿಗೆ ಹಾಕಬೇಕು. ಬೇವಿಗೆ ಈಗ ಆತುರ ಬೇಡ. ಅದು ಚೆನ್ನಾಗಿ ಹಣ್ಣಾಗುವುದು ಜೂನ್ ಹೊತ್ತಿಗೆ. ಅದರ ಬೀಜವೂ ಬಹಳ ದಿನ ಉಳಿಯಲ್ಲ.

ಕುಂಡ ಕೊಳ್ಳಬೇಡಿ. ಖಾಲಿ ಹಾಲಿನ ಪ್ಯಾಕೆಟ್ ತೊಳೆದು, ತಳದಲ್ಲಿ ನಾಲ್ಕು ತೂತು ಮಾಡಿ. ಕೆಂಪು ಮಣ್ಣು, ಮರಳು, ತಿಪ್ಪೆ ಗೊಬ್ಬರ ಸೇರಿಸಿ ತುಂಬಿದರೆ ಆಯ್ತು. ನೀರು ಹಾಕುವುದು ಮಗುವಿನ ಕೆಲಸ. ಮರೆತರೆ ನೆನಪಿಸಿ, ನೀವೇ ಹಾಕಬೇಡಿ. ಒಣಗಿಹೋದರೆ ಇನ್ನೊಂದು ಬೀಜ ಹಾಕಲಿ. ಇದಕ್ಕೆ ಅಂಕ ಇಲ್ಲ, ಬಹುಮಾನವೂ ಇಲ್ಲ. ಶಾಲೆ ಶುರುವಾದಾಗ ಸಸಿಗಳನ್ನು ಕಳಿಸಿ, ಈ ಮಳೆಗಾಲ ಪೂರ್ತಿ ಶಾಲೆಯಲ್ಲೇ ಬೆಳೆಯಲಿ. ನೆಡುವುದು ಮುಂದಿನ ವರ್ಷ, ಸ್ವಲ್ಪ ಎತ್ತರ ಆದ ಮೇಲೆ.

ಬೀಜದುಂಡೆ (ಬೀಜ ಇಟ್ಟ ಮಣ್ಣಿನ ಉಂಡೆ) ಮಾಡಿಸಲ್ವಾ ಅಂತ ಕೆಲವರು ಕೇಳಿದ್ದೀರಿ. ನನಗೆ ಅದರ ಮೇಲೆ ನಂಬಿಕೆ ಕಮ್ಮಿ. ಎಸೆದು ಬರುವುದು ಸುಲಭ. ಹುಟ್ಟಿದ್ದನ್ನು ಮೇಕೆ ಬಾಯಿಂದ ಕಾಯುವವರು ಯಾರು?

ಏಪ್ರಿಲ್ ಮೂರನೇ ವಾರ ಐದರಿಂದ ಏಳನೇ ತರಗತಿ ಮಕ್ಕಳನ್ನು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಕರೆದುಕೊಂಡು ಹೋಗುತ್ತೇವೆ. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಅಲ್ಲಿ ಊರ ಮಧ್ಯೆಯೇ, ಮನೆಗಳ ಪಕ್ಕದ ಮರಗಳಲ್ಲೇ ಗೂಡು ಕಟ್ಟುತ್ತವೆ. ತವರಿಗೆ ಬಂದ ಹೆಣ್ಣುಮಕ್ಕಳು ಅಂತಲೇ ಆ ಊರಿನವರು ಅವನ್ನು ನೋಡಿಕೊಳ್ಳುತ್ತಾರೆ. ಗೂಡಿರುವ ಹುಣಸೆ ಮರದ ಫಸಲು ಬಿಡಿಸದೆ ಬಿಡುತ್ತಾರೆ. ಮರದ ಮಾಲೀಕರಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಇದೆ, ಆದರೆ ಈ ನಂಟು ಪರಿಹಾರಕ್ಕಿಂತ ಹಳೆಯದು. ಗೂಡಿಂದ ಬಿದ್ದ ಮರಿಗಳಿಗೆ ಮೀನು ಹಾಕಿ ಸಾಕುವ ‘ಹೆಜ್ಜಾರ್ಲೆ ಬಳಗ’ವೂ ಅಲ್ಲಿದೆ.

ಅಲ್ಲಿಗೇ ಯಾಕೆ ಅಂದರೆ, 2017ರ ಕೊನೆ ಮತ್ತು 2018ರಲ್ಲಿ ಆ ಊರಿನಲ್ಲಿ ಹಲವು ಹೆಜ್ಜಾರ್ಲೆಗಳು ಸತ್ತವು. ಪರೀಕ್ಷೆ ಮಾಡಿದಾಗ ಹೊಟ್ಟೆಯಲ್ಲಿ ಜಂತುಹುಳು ಸಿಕ್ಕವು. ಈ ಹಕ್ಕಿಗಳ ಊಟ ಮೀನು, ಮೀನು ಬರುವುದು ಸುತ್ತಮುತ್ತಲ ಕೆರೆ, ಹೊಳೆಯಿಂದ. ನಮ್ಮ ಬೀದಿಯ ಚರಂಡಿ ಹೋಗಿ ಸೇರುವುದೂ ಯಾವುದೋ ಒಂದು ಕೆರೆಗೇ ಅಲ್ವಾ? ಇದನ್ನು ಪಾಠದಲ್ಲಿ ಎಷ್ಟು ಸಲ ಹೇಳಿದರೂ ಮಕ್ಕಳಿಗೆ ನಾಟುವುದಿಲ್ಲ. ಮರದ ಕೆಳಗೆ ನಿಂತು ನೋಡಲಿ. ಬೆಳಿಗ್ಗೆ ಆರಕ್ಕೆ ಹೊರಟು, ಬಿಸಿಲು ಏರುವ ಮುಂಚೆ ವಾಪಸ್. ಸ್ಟೀಲ್ ಬಾಟಲಿಯಲ್ಲಿ ನೀರು, ಡಬ್ಬಿಯಲ್ಲಿ ತಿಂಡಿ ಕಳಿಸಿ. ಚಿಪ್ಸ್ ಪ್ಯಾಕೆಟ್ ಬೇಡ.

ಇನ್ನು ಮದುವೆ ಸೀಸನ್. ಬೀಗರೂಟಕ್ಕೆ ಹೋದಾಗ ಟೇಬಲ್ ಮೇಲೆ ಅರ್ಧ ಕುಡಿದು ಬಿಟ್ಟ ನೀರಿನ ಬಾಟಲಿಗಳನ್ನು ನೋಡಿರುತ್ತೀರಿ. ಆ ನೀರನ್ನು ಛತ್ರದ ಹೊರಗಿನ ಗಿಡಕ್ಕೆ ಸುರಿದು, ಬಾಟಲಿಯನ್ನು ಒಣ ಕಸಕ್ಕೆ ಹಾಕು ಅಂತ ಮಕ್ಕಳಿಗೆ ಹೇಳಿದ್ದೇವೆ. ನೆಂಟರ ಮುಂದೆ ಹಾಗೆ ಮಾಡಿದರೆ ದಯವಿಟ್ಟು ಗದರಬೇಡಿ. ಮನೆಯಲ್ಲೂ ಹಸಿ ಕಸ, ಒಣ ಕಸಕ್ಕೆ ಬೇರೆ ಬೇರೆ ಬಕೆಟ್ ಇರಲಿ. ಎರಡೂ ಬೆರೆತರೆ ಕೈ ಹಾಕಿ ಬೇರೆ ಮಾಡುವ ಕಷ್ಟ ಪೌರಕಾರ್ಮಿಕರದ್ದು. ಮಹಡಿ ಮೇಲೆ ಹಕ್ಕಿಗೆ ನೀರಿಡುವವರು ಅಗಲವಾದ ಮಣ್ಣಿನ ತಟ್ಟೆ ಇಡಿ. ದಿನಾ ಚೆಲ್ಲಿ, ಉಜ್ಜಿ, ಹೊಸ ನೀರು ತುಂಬಿ. ವಾರ ಬಿಟ್ಟರೆ ಡೆಂಗಿ ಸೊಳ್ಳೆ ಅಲ್ಲೇ ಹುಟ್ಟುತ್ತದೆ.

ಕೊನೆಗೆ ನಾಲೆ ವಿಷಯ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಶಾಲೆಯ ಯಾವ ಕೆಲಸಕ್ಕೂ ಮಕ್ಕಳು ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಹತ್ತಿರ ಹೋಗಬೇಕಾಗಿಲ್ಲ. ‘ಶಾಲೆ ಕೆಲಸ’ ಅಂತ ಹೇಳಿ ಹೊರಟರೆ ನಂಬಬೇಡಿ. ಬೇಸಿಗೆಯಲ್ಲಿ ಕೆಆರ್‌ಎಸ್ ಅಣೆಕಟ್ಟೆಯಿಂದ ಕಟ್ಟು ಪ್ರಕಾರ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಹರಿಸುತ್ತಾರೆ. ನಿನ್ನೆ ಮೊಣಕಾಲುದ್ದ ಇದ್ದ ಕಡೆ ಇವತ್ತು ಆಳು ಮುಳುಗುವಷ್ಟು ಇರಬಹುದು. ಇಳಿಜಾರಿನ ಸಿಮೆಂಟು ಪಾಚಿ ಕಟ್ಟಿ ಜಾರುತ್ತದೆ, ಹಿಡಿದು ಮೇಲೆ ಬರಲು ಏನೂ ಸಿಗುವುದಿಲ್ಲ. ಈಜು ಬರುವವರೂ ಅಲ್ಲಿ ಸೋತಿದ್ದಾರೆ. ಅಜ್ಜಿ ಊರಿಗೆ ಕಳಿಸುವವರು ಅಲ್ಲಿನ ಮಾವಂದಿರಿಗೂ ಇದನ್ನು ಹೇಳಿ ಕಳಿಸಿ.

ಕೊಕ್ಕರೆ ಬೆಳ್ಳೂರಿನ ಒಪ್ಪಿಗೆ ಚೀಟಿ ಇದರ ಜೊತೆಗಿದೆ. ಸಹಿ ಹಾಕಿ 10ನೇ ತಾರೀಖು ಬರುವಾಗ ತನ್ನಿ. ಬಸ್ಸಿನ ದುಡ್ಡು ಕಷ್ಟ ಅನ್ನುವವರು ನನ್ನ ಹತ್ತಿರ ಬಂದು ಒಂದು ಮಾತು ಹೇಳಿ, ಸಾಕು.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ