ಹುಣಸೆ ಬಿಟ್ಟವರಿಗೆ, ಮೀನು ತಂದವರಿಗೆ

ಮಂಡ್ಯ ಜಿಲ್ಲೆಯ ನಮ್ಮೂರು ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಳ ಈ ಸಲದ ಹಂಗಾಮು ಮುಗಿಯಿತು. ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಮರಿ ಮಾಡಿಕೊಂಡು ಹೊರಟಿವೆ. ನಮಗೂ ಸ್ವಲ್ಪ ಬಿಡುವು ಸಿಕ್ಕಿದೆ. ಕೆಲವರಿಗೆ ಥ್ಯಾಂಕ್ಸ್ ಹೇಳುವುದು ಬಾಕಿ ಇದೆ.

ಮೊದಲು ಮರದ ಯಜಮಾನರಿಗೆ. 2007ರಲ್ಲಿ ಸಮುದಾಯ ಮೀಸಲು ಪ್ರದೇಶ ಅಂತ ಘೋಷಣೆಯಾದರೂ ನಮ್ಮದು ಕಾಡಲ್ಲ, ಊರು. ಹಕ್ಕಿ ಗೂಡು ಕಟ್ಟುವುದು ಯಾರದೋ ಹಿತ್ತಲಿನ ಹುಣಸೆಮರದಲ್ಲಿ. ಹುಣಸೆ ಬಡಿಯುವ ಕಾಲಕ್ಕೇ ಗೂಡಲ್ಲಿ ಮರಿ ಇರುತ್ತವೆ. ಮರ ಅಲುಗಿಸುವ ಹಾಗಿಲ್ಲ, ಹಣ್ಣು ಹೋಯಿತು ಅಂತಲೇ ಲೆಕ್ಕ. ಅರಣ್ಯ ಇಲಾಖೆ ಮರಕ್ಕಿಷ್ಟು ಅಂತ ಪರಿಹಾರ ಕೊಡುತ್ತದೆ, ನಿಜ. ಆದರೆ ಅಂಗಳದ ತುಂಬ ಹಿಕ್ಕೆ, ಕೊಳೆತ ಮೀನಿನ ನಾತ, ಒಗೆದು ಹರವಿದ ಬಟ್ಟೆಯನ್ನೇ ಮತ್ತೆ ಒಗೆಯುವ ಕರ್ಮ! ಅದಕ್ಕೆ ಯಾರು ಪರಿಹಾರ ಕೊಡುತ್ತಾರೆ? ಅವ್ವಂದಿರೇ, ಬೈದುಕೊಂಡೇ ಗುಡಿಸುತ್ತೀರಿ. ಆದರೂ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಅಂತ ಹೇಳಿ ಒಂದು ಕಲ್ಲನ್ನೂ ಎಸೆಯಗೊಡುವುದಿಲ್ಲ.

ಆಮೇಲೆ ಬಿದ್ದ ಮರಿ ಸಾಕುವ ಹೆಜ್ಜಾರ್ಲೆ ಬಳಗದ ಹುಡುಗರಿಗೆ. ಗಾಳಿಗೋ, ಮರಿಗಳ ಕಿತ್ತಾಟಕ್ಕೋ ಗೂಡಿನಿಂದ ಮರಿ ಬೀಳುತ್ತದೆ. ಕೆಳಗೆ ಬಿದ್ದ ಮರಿಗೆ ತಾಯಿ ಬಂದು ಉಣಿಸುವುದಿಲ್ಲ. ಎತ್ತಿಕೊಂಡು ಬಂದು, ಜಾಲರಿಯೊಳಗೆ ಬಿಟ್ಟು, ಹಾರುವಷ್ಟು ಬಲಿಯುವ ತನಕ ಮೀನು ಹಾಕಬೇಕು. ಹೆಜ್ಜಾರ್ಲೆ ಮರಿಯ ಹಸಿವು ಅಂದರೆ ಸುಮ್ನೆ ಅಲ್ಲ. ಫೋಟೊದಲ್ಲಿ ಮುದ್ದಾಗಿ ಕಾಣುತ್ತದೆ, ಬಕೆಟ್ ಹೊರುವವನಿಗೆ ಗೊತ್ತು. ಸಣ್ಣ ಮೀನನ್ನು ಎತ್ತಿಟ್ಟು ಕೊಟ್ಟ ಮೀನುಗಾರ ಅಣ್ಣಂದಿರಿಗೂ ಈ ಪುಣ್ಯದಲ್ಲಿ ಪಾಲಿದೆ.

2017ರ ಕೊನೆಯಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತಿದ್ದನ್ನು ನಾವು ಮರೆತಿಲ್ಲ. ಮೀನಿನ ಮೂಲಕ ಹೊಟ್ಟೆ ಸೇರುವ ಹುಳು ಅದಕ್ಕೆ ಕಾರಣ ಅಂತ ಆಮೇಲೆ ತಿಳಿಯಿತು. ಈಗಲೂ ಒಂದು ಹಕ್ಕಿ ಮಂಕಾಗಿ ಕೂತರೆ ಎದೆ ಧಸಕ್ ಅನ್ನುತ್ತದೆ. ಕರೆದ ತಕ್ಷಣ ಬಂದ ಪಶುವೈದ್ಯರಿಗೆ, ಅರಣ್ಯ ಸಿಬ್ಬಂದಿಗೆ ಕೈಮುಗಿಯುತ್ತೇವೆ.

ಸುತ್ತಲಿನ ಊರುಗಳ ಹೆಸರನ್ನು ಯಾರೂ ಹೇಳುವುದಿಲ್ಲ. ಹಕ್ಕಿಗಳು ನಮ್ಮಲ್ಲಿ ಗೂಡು ಕಟ್ಟುತ್ತವೆ, ಊಟಕ್ಕೆ ಹೋಗುವುದು ಶಿಂಷಾ ಹೊಳೆಗೆ, ನಿಮ್ಮ ಕೆರೆಗಳಿಗೆ. ಕೆರೆಗೆ ಮಣ್ಣು ಸುರಿಯದೆ, ಕೊಳಚೆ ಬಿಡದೆ ಕಾದವರೇ, ಹೆಸರು ಬಂದಿದ್ದು ನಮಗೆ, ಅನ್ನ ಹಾಕಿದ್ದು ನೀವು.

ನೋಡಲು ಬಂದವರಲ್ಲಿ ಪಿಸುಮಾತಲ್ಲೇ ಮಾತಾಡಿದವರಿಗೂ ವಂದನೆ. ಪಟಾಕಿ ಹೊಡೆದಂತೆ ಕಾರಿನ ಬಾಗಿಲು ಬಡಿದವರು ಮುಂದಿನ ಸಲ ಮೆಲ್ಲಗೆ ಹಾಕಿ, ಆಯ್ತಾ?

ಮರಿಗಳ ಜಾಲರಿ ಅಲ್ಲಲ್ಲಿ ಹರಿದಿದೆ. ಡಿಸೆಂಬರಿನೊಳಗೆ ಸರಿಮಾಡಬೇಕು. ಹಳೆಯ ಮೀನುಬಲೆ, ತಂತಿ, ಗೂಟ ಇದ್ದವರು ಊರಿಗೆ ಬರುವಾಗ ತಂದುಕೊಡಿ.